ಲೂಪ್ ಅದಲುಬದಲು ಮಾಡಿದ್ದಕ್ಕೆ 12 ಪಟ್ಟು ನಿಧಾನ, ಕ್ಯಾಶ್ ಎಲ್ಲಿ ಮಿಸ್ ಆಗ್ತಿದೆ?

ಮಂಡಿಪೇಟೆ_ಹುಡುಗ | ಶನಿವಾರ ರಾತ್ರಿ 9:40

ಎಲ್ರಿಗೂ ನಮಸ್ಕಾರ. ದಾವಣಗೆರೆ, ಇಂಜಿನಿಯರಿಂಗ್ ಮೂರನೇ ಸೆಮ್. ಸಿ ಭಾಷೆಯಲ್ಲಿ ಒಂದು ಸಣ್ಣ ಪ್ರೋಗ್ರಾಂ ಬರೆದೆ. 10,000 ಸಾಲು, 10,000 ಕಂಬದ ಒಂದು ಅರೇ. ಪ್ರತಿ ಮನೆಯಲ್ಲೂ 4 ಬೈಟ್‌ನ ಒಂದು ಪೂರ್ಣಾಂಕ. ಎಲ್ಲವನ್ನೂ ಕೂಡಬೇಕು, ಅಷ್ಟೇ ಕೆಲಸ.

ಸಾಲುವಾರು ಕೂಡಿದ್ರೆ 0.09 ಸೆಕೆಂಡು. ಒಳಗಿನ ಲೂಪ್ ಹೊರಗೆ ಹಾಕಿ ಕಂಬವಾರು ಕೂಡಿದ್ರೆ 1.1 ಸೆಕೆಂಡು. ಉತ್ತರ ಒಂದೇ. ಕೂಡೋದೂ ಅಷ್ಟೇ ಸಲ, ಹತ್ತು ಕೋಟಿ. ಲ್ಯಾಬ್‌ನಲ್ಲಿ ತೋರಿಸಿದ್ರೆ "ಎರಡರದ್ದೂ ಬಿಗ್ ಓ, ಅಂದ್ರೆ ಹೆಜ್ಜೆಗಳ ಲೆಕ್ಕ, ಒಂದೇ, ವ್ಯತ್ಯಾಸ ಬರಬಾರದು, ಲ್ಯಾಪ್‌ಟಾಪ್ ಬಿಸಿಯಾಗಿರಬೇಕು" ಅಂದ್ರು. ಫ್ಯಾನ್ ಕೆಳಗಿಟ್ಟು ಓಡಿಸಿದೆ. ಅದೇ 1.1.

ಲ್ಯಾಪ್‌ಟಾಪ್ ಐ5, 8 ಜಿಬಿ ರ್ಯಾಮ್. ಪ್ರೊಸೆಸರ್ ಒಳಗಿನ ಪುಟ್ಟ ವೇಗದ ಮೆಮೊರಿ, ಅಂದ್ರೆ ಕ್ಯಾಶ್, ಮೂರು ಮಟ್ಟ: ಎಲ್1 32 ಕೆಬಿ, ಎಲ್2 256 ಕೆಬಿ, ಎಲ್3 6 ಎಂಬಿ ಅಂತ ತೋರಿಸುತ್ತೆ. ಈ ಮೂರರ ಹೆಸರು ಪರೀಕ್ಷೆಗೆ ಬಾಯಿಪಾಠ ಮಾಡಿದೀನಿ, ಪಿರಮಿಡ್ ಚಿತ್ರಾನೂ ಬರೀತೀನಿ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಸ್ಕ್ರೂಡ್ರೈವರ್_ಸ್ವಾಮಿ | ರಾತ್ರಿ 9:58

ತಮ್ಮಾ, ಇಪ್ಪತ್ತು ವರ್ಷದಿಂದ ಕಂಪ್ಯೂಟರ್ ರಿಪೇರಿ ಅಂಗಡಿ ನಡೆಸ್ತಾ ಇದೀನಿ. ನಿಧಾನ ಅಂತ ಬಂದ ಮಷಿನ್‌ಗೆ ಎರಡೇ ಔಷಧಿ. ಹಾರ್ಡ್‌ಡಿಸ್ಕ್ ಕಿತ್ತು ಎಸ್‌ಎಸ್‌ಡಿ ಹಾಕು, ಇಲ್ಲಾ ಇನ್ನೊಂದು ಸ್ಟಿಕ್ ರ್ಯಾಮ್ ಹಾಕು. ನಿಂದು ಒಂದೇ ಸ್ಟಿಕ್ ಐತಾ, ಎರಡಾ?

ಮಂಡಿಪೇಟೆ_ಹುಡುಗ | ರಾತ್ರಿ 10:03

ಅಣ್ಣಾ, ಒಂದೇ ಸ್ಟಿಕ್. ಎಸ್‌ಎಸ್‌ಡಿ ಇದೆ. ಆದ್ರೆ ಅರೇ ಇರೋದೇ 400 ಎಂಬಿ, ಪೂರ್ತಿ ರ್ಯಾಮ್‌ನಲ್ಲೇ ಕೂರುತ್ತೆ. ಡಿಸ್ಕಿನ ಲೈಟ್ ಮಿಟುಕೋದೂ ಇಲ್ಲ. ಮೇಲಾಗಿ ಸಾಲುವಾರು ಮಾಡಿದಾಗಲೂ ಅದೇ ರ್ಯಾಮ್ ಅಲ್ವಾ?

ಕೋಟೆ_ಮೇಷ್ಟ್ರು | ರಾತ್ರಿ 10:31

ಹೆಸರಲ್ಲೇ ಮಂಡಿಪೇಟೆ ಇಟ್ಟುಕೊಂಡಿದ್ದೀಯ. ಮನೆಯವರ ಅಂಗಡಿ ಇದೆಯಾ? ಇದ್ದರೆ ಅಲ್ಲಿಂದಲೇ ಶುರು ಮಾಡೋಣ.

ಗಿರಾಕಿ ಬಂದು ಒಂದು ಪೊಟ್ಟಣ ಸಾಸಿವೆ ಕೇಳಿದ. ಎದುರಿಗೆ ಇಲ್ಲ. ಹುಡುಗನನ್ನು ಗೋದಾಮಿಗೆ ಓಡಿಸುತ್ತೀರಿ. ಅಷ್ಟು ದೂರ ಹೋದವನು ಒಂದೇ ಪೊಟ್ಟಣ ತರುತ್ತಾನೇನು? ಡಬ್ಬಿಯನ್ನೇ ಹೊತ್ತು ತರುತ್ತಾನೆ. ಪ್ರೊಸೆಸರ್ ಮಾಡುವುದೂ ಇದನ್ನೇ. ನೀನು ಕೇಳಿದ್ದು 4 ಬೈಟ್, ರ್ಯಾಮ್‌ನಿಂದ ಬರುವುದು 64 ಬೈಟ್‌ನ ಒಂದು ಕಟ್ಟು. ಅದಕ್ಕೆ ಕ್ಯಾಶ್ ಲೈನ್ ಅನ್ನುತ್ತಾರೆ. ನಿನ್ನ ಲೆಕ್ಕದಲ್ಲಿ ಒಂದು ಕಟ್ಟಿನಲ್ಲಿ 16 ಸಂಖ್ಯೆ.

ಸಿ ಭಾಷೆ ಅರೇಯನ್ನು ಸಾಲುಸಾಲಾಗಿ ಜೋಡಿಸುತ್ತದೆ. ಸಾಲುವಾರು ಹೋದರೆ ಒಂದು ಸಲ ಗೋದಾಮಿಗೆ ಹೋಗಿ ಬಂದದ್ದು ಹದಿನಾರು ಗಿರಾಕಿಗೆ ಆಯಿತು. ಕಂಬವಾರು ಹೋದರೆ ಒಂದು ಸಂಖ್ಯೆಯಿಂದ ಮುಂದಿನ ಸಂಖ್ಯೆಗೆ 40,000 ಬೈಟ್ ಜಿಗಿತ. ಪ್ರತಿ ಗಿರಾಕಿಯೂ ಬೇರೆ ಡಬ್ಬಿ ಕೇಳುತ್ತಾನೆ. ಹತ್ತು ಸಾವಿರ ಡಬ್ಬಿ ಬಂದು ಬಿದ್ದ ಮೇಲೆ ಮೊದಲನೇ ಡಬ್ಬಿಯ ಎರಡನೇ ಪೊಟ್ಟಣದ ಸರದಿ. ಅಷ್ಟರಲ್ಲಿ ಕಟ್ಟೆಯ ಮೇಲೆ, ಅಂದರೆ ಕ್ಯಾಶ್‌ನಲ್ಲಿ, ಜಾಗ ಸಾಲದೆ ಆ ಡಬ್ಬಿ ಯಾವಾಗಲೋ ಹಿಂದಕ್ಕೆ ಹೋಗಿರುತ್ತದೆ.

ಪಿರಮಿಡ್ ಚಿತ್ರ ಬರೆಸುವವರು ಯಾವುದು ವೇಗ, ಯಾವುದು ಅಗ್ಗ ಎಂದು ಹೇಳಿ ನಿಲ್ಲಿಸುತ್ತಾರೆ. ನನಗೆ ಅದರ ಮೇಲೇ ಸಿಟ್ಟು. ಇಷ್ಟು ಸಣ್ಣ ಎಲ್1 ಇಟ್ಟುಕೊಂಡು ಇಷ್ಟು ದೊಡ್ಡ ಕೆಲಸ ಸಾಗುವುದು ಹೇಗೆ ಎನ್ನುವುದಲ್ಲವೇ ಪ್ರಶ್ನೆ? ಪ್ರೋಗ್ರಾಂಗಳಿಗೆ ಚಾಳಿ ಇರುತ್ತದೆ. ಈಗ ಮುಟ್ಟಿದ್ದನ್ನು ಇನ್ನೊಮ್ಮೆ ಮುಟ್ಟುತ್ತವೆ, ಇಲ್ಲವೇ ಅದರ ಪಕ್ಕದ್ದನ್ನು ಮುಟ್ಟುತ್ತವೆ. ಅಷ್ಟೂ ಮಟ್ಟಗಳು ಈ ಚಾಳಿಯ ಮೇಲೆ ಕಟ್ಟಿದ ಪಂದ್ಯ. ನೀನು ಕಂಬವಾರು ಓಡಿಸಿ ಪಂದ್ಯ ಸೋಲಿಸಿದೆ.

ಮಂಡಿಪೇಟೆ_ಹುಡುಗ | ರಾತ್ರಿ 10:44

ಸರ್, ಅಂಗಡಿ ಇದೆ, ಕಿರಾಣಿ ಹೋಲ್‌ಸೇಲ್. ಈಗ ಅರ್ಥ ಆಯ್ತು. ಫೋನ್‌ನಲ್ಲಿ ಫ್ರೆಂಡ್‌ಗೆ "ಪ್ರತಿ ಸಲ ಕ್ಯಾಶ್ ಮಿಸ್ ಆಗ್ತಿದೆ ಕಣೋ" ಅಂತ ಹೇಳ್ತಿದ್ದೆ. ಅಪ್ಪ ಒಳಗಿಂದ ಎದ್ದು ಬಂದು ಗಲ್ಲಾಪೆಟ್ಟಿಗೆ ತೆಗೆದು ಎಣಿಸೋಕೆ ಕೂತ್ರು. ಇನ್ನೂ ಎಣಿಸ್ತಾ ಇದಾರೆ.

ಬೆಣ್ಣೆ_ಜಾಸ್ತಿ | ರಾತ್ರಿ 10:46

ಕನ್ನಡದಲ್ಲಿ ಎರಡೂ ಕ್ಯಾಶೇ ತಾನೆ, ಅವರದ್ದೇನು ತಪ್ಪು 😂

ಅಂಕೆ_ಅಕ್ಕ | ರಾತ್ರಿ 11:20

ಹುಟ್ಟಿದ್ದು ಹರಿಹರ, ಕೆಲಸ ಬೆಂಗಳೂರು, ಸಂಬಳ ಬರೋದೇ ಈ ಥರದ ನಿಧಾನ ಹುಡುಕೋದಕ್ಕೆ. ಮೇಷ್ಟ್ರು ಹೇಳಿದ್ದು ಸರಿ, ಆದರೆ ಡಬ್ಬಿ "ಹಿಂದಕ್ಕೆ" ಹೋಗೋದು ಎಲ್ಲಿಗೆ ಅನ್ನೋದು ಮುಖ್ಯ.

ಲೆಕ್ಕ ಹಾಕು ತಮ್ಮ. ಒಂದು ಕಂಬ ಇಳಿಯೋದಕ್ಕೆ 10,000 ಕಟ್ಟು ಬೇಕು. ಒಂದೊಂದು 64 ಬೈಟ್, ಒಟ್ಟು 640 ಕೆಬಿ. ಎಲ್1ರ 32ರಲ್ಲಿ ಹಿಡಿಯಲ್ಲ, ಎಲ್2ರ 256ರಲ್ಲೂ ಹಿಡಿಯಲ್ಲ. ಆದರೆ ನಿನ್ನ ಎಲ್3 6 ಎಂಬಿ, ಅಲ್ಲಿ ಆರಾಮಾಗಿ ಕೂರುತ್ತೆ. ಅಂದ್ರೆ ಪ್ರತಿ ಸಲ ರ್ಯಾಮ್‌ವರೆಗೆ ಹೋಗ್ತಿಲ್ಲ. ಹದಿನಾರು ಕಂಬಕ್ಕೊಮ್ಮೆ ಹೊಸ ಕಟ್ಟುಗಳು ರ್ಯಾಮ್‌ನಿಂದ ಬರ್ತವೆ, ಉಳಿದ ಹದಿನೈದು ಕಂಬ ಬಹುಪಾಲು ಎಲ್3 ಮೇಲೇ ನಡೀತದೆ.

ಹಾಗಿದ್ರೂ 12 ಪಟ್ಟು ಯಾಕೆ? ಎರಡು ಕಾರಣ. ಒಂದು, ಸಾಲುವಾರು ಹೋಗುವಾಗ ಪ್ರೊಸೆಸರ್ ನಿನ್ನ ದಾರಿ ಊಹಿಸಿ ಮುಂದಿನ ಕಟ್ಟನ್ನ ಮೊದಲೇ ತರಿಸಿಟ್ಟಿರುತ್ತೆ. ಮೆಮೊರಿಯನ್ನ 4 ಕೆಬಿ ತುಂಡುಗಳಾಗಿ ಹಂಚಿರ್ತಾರೆ, ಒಂದೊಂದಕ್ಕೆ ಪುಟ ಅಂತಾರೆ. ಈ ಊಹೆ ಸಾಮಾನ್ಯವಾಗಿ ಪುಟದ ಗಡಿ ದಾಟಲ್ಲ. ನೀನು ಒಂದು ಹೆಜ್ಜೆಗೆ ಹತ್ತು ಪುಟ ಹಾರ್ತೀಯ, ಅದರ ಊಹೆ ನಿನಗೆ ಪ್ರಯೋಜನವಿಲ್ಲ.

ಎರಡನೇದು ಪಿರಮಿಡ್ ಚಿತ್ರದಲ್ಲಿ ಇರೋದೇ ಇಲ್ಲ: ಟಿಎಲ್‌ಬಿ. ಪ್ರೋಗ್ರಾಂಗೆ ಕಾಣೋ ವಿಳಾಸ ಬೇರೆ, ರ್ಯಾಮ್‌ನ ನಿಜವಾದ ವಿಳಾಸ ಬೇರೆ. ಯಾವ ಪುಟ ಎಲ್ಲಿದೆ ಅನ್ನೋ ದೊಡ್ಡ ಪಟ್ಟಿಯೂ ರ್ಯಾಮ್‌ನಲ್ಲೇ ಇರುತ್ತೆ. ಈಚೆಗೆ ಬಳಸಿದ ವಿಳಾಸಗಳ ಒಂದು ಚೀಟಿ ಪ್ರೊಸೆಸರ್ ಜೇಬಲ್ಲಿ ಇರುತ್ತೆ, ಅದೇ ಟಿಎಲ್‌ಬಿ. ನಿನ್ನಂಥ ಮಷಿನ್‌ನಲ್ಲಿ ಅದರ ದೊಡ್ಡ ಮಟ್ಟದಲ್ಲಿ 1,536 ನಮೂದು. ನೀನು ಒಂದು ಕಂಬಕ್ಕೆ ಮುಟ್ಟೋದು 10,000 ಪುಟ. ಡಬ್ಬಿ ಹತ್ತಿರದಲ್ಲೇ ಇದ್ರೂ ಅದು ಎಲ್ಲಿದೆ ಅಂತ ತಿಳಿಯೋಕೆ ಪ್ರತಿ ಸಲ ದಫ್ತರ ತಿರುವಿ ಹಾಕಬೇಕು.

ಇನ್ನೊಂದು ಮಾತು. ಕಂಪೈಲರ್‌ಗೆ ಆಪ್ಟಿಮೈಸೇಶನ್ (ಕೋಡ್ ಚುರುಕು ಮಾಡೋ ಆಯ್ಕೆ) ಜಾಸ್ತಿ ಕೊಟ್ರೆ ಅದೇ ನಿನ್ನ ಲೂಪ್ ತಿರುಗಿಸಿಬಿಡಬಹುದು. ಆಗ ಎರಡೂ ಒಂದೇ ಸಮಯ ತೋರಿಸುತ್ತೆ, ತಲೆ ಕೆಡಿಸ್ಕೋಬೇಡ.

ಕೋಟೆ_ಮೇಷ್ಟ್ರು | ರಾತ್ರಿ 11:34

ಒಪ್ಪಿದೆ. ಎಲ್3ಯನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ ನಾನು.

ಬೆಣ್ಣೆ_ಜಾಸ್ತಿ | ಭಾನುವಾರ ಬೆಳಿಗ್ಗೆ 7:15

ನನಗೆ ಅಂಕಿ ಬೇಕು. 3 ಗಿಗಾಹರ್ಟ್ಸ್‌ನ ಒಂದು ಬಡಿತ ಅಂದ್ರೆ ಒಂದು ಸೆಕೆಂಡು ಅಂತ ಹಿಗ್ಗಿಸಿ ನೋಡಿದೆ. ಎಲ್1 ನಾಲ್ಕೈದು ಸೆಕೆಂಡು. ಎಲ್2 ಹನ್ನೆರಡು-ಹದಿನಾಲ್ಕು. ಎಲ್3 ಮುಕ್ಕಾಲು ನಿಮಿಷದ ಆಸುಪಾಸು. ರ್ಯಾಮ್ 100 ನ್ಯಾನೊಸೆಕೆಂಡು ಅಂದ್ರೆ ಐದು ನಿಮಿಷ, ಒಂದು ಬೆಣ್ಣೆದೋಸೆ ಆರ್ಡರ್ ಕೊಟ್ಟು ಕೂತಷ್ಟು ಹೊತ್ತು (ಭಾನುವಾರ ಅಲ್ಲದಿದ್ರೆ). ಎಸ್‌ಎಸ್‌ಡಿ 100 ಮೈಕ್ರೊಸೆಕೆಂಡು ಹಿಡಿದ್ರೆ ಮೂರೂವರೆ ದಿನ. ಹಾರ್ಡ್‌ಡಿಸ್ಕ್ 10 ಮಿಲಿಸೆಕೆಂಡು, ಅದು 347 ದಿನ! ಈ ಮುಂಗಾರಿಗೆ ಮೆಕ್ಕೆಜೋಳ ಬಿತ್ತುವಾಗ ಕೇಳಿದ್ದು ಮುಂದಿನ ಮುಂಗಾರಿನ ಹೊತ್ತಿಗೆ ಕೈಗೆ.

ಅಂಕೆ_ಅಕ್ಕ | ಬೆಳಿಗ್ಗೆ 8:02

ಈ ಹಿಗ್ಗಿಸೋ ಲೆಕ್ಕ ನೂರು ಕಡೆ ಓದಿದೀನಿ, ಮೆಕ್ಕೆಜೋಳ ಮಾತ್ರ ಹೊಸದು. ಅಂಕಿ ಸರಿ ಇದೆ. ಆದರೆ ಇದು ಮೊದಲ ಪೊಟ್ಟಣ ಬರೋ ತನಕದ ಕಾಯುವಿಕೆ ಅಷ್ಟೇ. ಲಾರಿ ತಡವಾಗಿ ಹೊರಟರೂ ಒಂದು ಲೋಡ್ ತುಂಬಿಕೊಂಡು ಬರುತ್ತಲ್ಲ, ಅದರ ಲೆಕ್ಕ ಬೇರೆ ಹಾಕಬೇಕು.

ಸ್ಕ್ರೂಡ್ರೈವರ್_ಸ್ವಾಮಿ | ಬೆಳಿಗ್ಗೆ 9:30

ಹಾರ್ಡ್‌ಡಿಸ್ಕಿನ 10 ಮಿಲಿಸೆಕೆಂಡು ಯಾಕೆ ಅಂತ ನಾನು ಹೇಳ್ತೀನಿ, ಬಿಚ್ಚಿ ನೋಡಿದೀನಲ್ಲ. ತಟ್ಟೆ ನಿಮಿಷಕ್ಕೆ 7,200 ಸುತ್ತು. ಒಂದು ಸುತ್ತಿಗೆ 8.3 ಮಿಲಿಸೆಕೆಂಡು. ಬೇಕಾದ ಜಾಗ ಸೂಜಿ ಕೆಳಗೆ ಬರೋಕೆ ಸರಾಸರಿ ಅರ್ಧ ಸುತ್ತು ಕಾಯಬೇಕು. ಅದರ ಜೊತೆ ಸೂಜಿಯ ಕೈ ಸರಿದಾಡೋ ಹೊತ್ತು. ತಟ್ಟೆ ತಿರುಗೋ ತನಕ ಯಾರಪ್ಪನ ಮನೆ ಪ್ರೊಸೆಸರ್ ಬಂದ್ರೂ ಕಾಯಲೇಬೇಕು.

ಈಗ ನನ್ನ ಪ್ರಶ್ನೆ. 486 ಪ್ರೊಸೆಸರ್ ಕಾಲದಲ್ಲಿ ಮದರ್‌ಬೋರ್ಡ್ ಮೇಲೇ ಕ್ಯಾಶ್ ಚಿಪ್ ಇರ್ತಿತ್ತು. ಆಮೇಲೆ ಪೆಂಟಿಯಂ ಬೋರ್ಡ್‌ಗಳಲ್ಲಿ ಕ್ಯಾಶ್‌ಗೇ ಒಂದು ಸ್ಲಾಟ್ ಬಂತು, ಸ್ಟಿಕ್ ಒತ್ತಿದ್ರೆ ಆಯ್ತು. ಈಗ ಯಾಕ್ರಿ ಹಂಗಿಲ್ಲ? 8 ಜಿಬಿ ಪೂರ್ತಿ ಎಲ್1 ಥರಾನೇ ಮಾಡಿಬಿಟ್ರೆ ಈ ಮಟ್ಟಗಳ ಗೋಳೇ ಇಲ್ವಲ್ಲ?

ಕೋಟೆ_ಮೇಷ್ಟ್ರು | ಬೆಳಿಗ್ಗೆ 10:10

ಸ್ವಾಮಿಗಳೇ, ದುಡ್ಡು ಇದ್ದರೂ ಆಗದು.

ದುಡ್ಡಿನ ಮಾತು ಮೊದಲು. ಕ್ಯಾಶ್‌ನ ಒಂದು ಬಿಟ್ ಹಿಡಿದಿಡಲು ಸಾಮಾನ್ಯವಾಗಿ ಆರು ಟ್ರಾನ್ಸಿಸ್ಟರ್ ಬೇಕು. ರ್ಯಾಮ್‌ನ ಒಂದು ಬಿಟ್‌ಗೆ ಒಂದು ಟ್ರಾನ್ಸಿಸ್ಟರ್, ಒಂದು ಪುಟ್ಟ ಕೆಪಾಸಿಟರ್ ಸಾಕು. ಐಬಿಎಂನ ರಾಬರ್ಟ್ ಡೆನಾರ್ಡ್ ಈ ಉಪಾಯ ಕಂಡುಕೊಂಡು 1968ರಲ್ಲಿ ಪೇಟೆಂಟ್ ಪಡೆದರು. ಆ ಕೆಪಾಸಿಟರ್ ಸೋರುವ ಕೊಡ. 64 ಮಿಲಿಸೆಕೆಂಡಿಗೆ ಒಮ್ಮೆಯಾದರೂ ಓದಿ ಮತ್ತೆ ತುಂಬಬೇಕು. ಓದಿದರೂ ಕೊಡ ಬರಿದಾಗುತ್ತದೆ, ಆಗಲೂ ತುಂಬಬೇಕು. ಅಗ್ಗದ ಜೊತೆ ಬಂದ ಸಂಕಟ ಅದು.

ಇನ್ನು ದೂರದ ಮಾತು. 3 ಗಿಗಾಹರ್ಟ್ಸ್‌ನ ಒಂದು ಬಡಿತದಲ್ಲಿ ಬೆಳಕೇ ಹೋಗುವುದು 10 ಸೆಂಟಿಮೀಟರ್. ತಂತಿಯೊಳಗಿನ ಸಂಕೇತ ಅದಕ್ಕಿಂತ ನಿಧಾನ, ಹೋದ ದಾರಿಯಲ್ಲೇ ವಾಪಸ್ಸೂ ಬರಬೇಕು. ಅದಕ್ಕೇ ಬೋರ್ಡ್ ಮೇಲಿದ್ದ ಕ್ಯಾಶ್, ಪ್ರೊಸೆಸರ್ ಚಿಪ್‌ನೊಳಗೆ ಸೇರಿತು. 1989ರ 486ರಲ್ಲೇ 8 ಕೆಬಿ ಒಳಗೆ ಬಂದಿತ್ತು, ನೀವು ಒತ್ತುತ್ತಿದ್ದ ಸ್ಟಿಕ್ ಎರಡನೇ ಮಟ್ಟದ್ದು. ಎಲ್1 ಅನ್ನು 8 ಜಿಬಿ ಮಾಡಿದರೆ ಅದರ ಆ ತುದಿ ಎಷ್ಟು ದೂರ ಹೋಗುತ್ತದೆಂದರೆ, ಆಮೇಲೆ ಅದು ಎಲ್1 ಆಗಿಯೇ ಉಳಿಯುವುದಿಲ್ಲ. ಚಿಕ್ಕದಾಗಿರುವುದರಿಂದಲೇ ಅದು ಚುರುಕು.

ಏಳು_ಸುತ್ತು | ಬೆಳಿಗ್ಗೆ 10:52

ದುರ್ಗದವನು, ಬಿಎಸ್ಸಿ. ಮೇಷ್ಟ್ರೇ, ಇದು ನಮ್ಮ ಏಳು ಸುತ್ತಿನ ಕೋಟೆ ಥರಾನೇ ಐತಲ್ಲ? ಒಳಗಿನ ಸುತ್ತು ಪ್ರೊಸೆಸರ್ ಕೈಯಲ್ಲೇ ಇರೋ ರಿಜಿಸ್ಟರ್, ಹೊರಗಿನ ಸುತ್ತು ಹಾರ್ಡ್‌ಡಿಸ್ಕ್?

ಕೋಟೆ_ಮೇಷ್ಟ್ರು | ಬೆಳಿಗ್ಗೆ 11:15

ನಮ್ಮೂರಲ್ಲಿ ಏನು ಹೇಳಿದರೂ ಕೋಟೆಗೇ ಬಂದು ನಿಲ್ಲುತ್ತದೆ. ಒಂದು ಅರ್ಥದಲ್ಲಿ ಹೊಂದುತ್ತದೆ, ದಿಕ್ಕು ಮಾತ್ರ ಉಲ್ಟಾ. ಕೋಟೆಯಲ್ಲಿ ಹೊರಗಿಂದ ಬಂದವರನ್ನು ಒಂದೊಂದು ಸುತ್ತೂ ತಡೆಯುತ್ತದೆ. ಇಲ್ಲಿ ಒಳಗಿಂದ ಹೊರಟ ಕೇಳಿಕೆಯನ್ನು ಒಂದೊಂದು ಮಟ್ಟವೂ ತಡೆದು "ನನ್ನಲ್ಲೇ ಇದೆ, ತಗೋ" ಅನ್ನುತ್ತದೆ. ನೂರು ಕೇಳಿಕೆಯಲ್ಲಿ 95ನ್ನು ಎಲ್1 ತೀರಿಸಿತು ಎಂದುಕೋ. ಉಳಿದ ಐದರಲ್ಲಿ ನಾಲ್ಕನ್ನು ಎಲ್2, ಎಲ್3 ತೀರಿಸಿದರೆ ರ್ಯಾಮ್‌ಗೆ ಹೋಗುವುದು ಒಂದು. ಸರಾಸರಿಯನ್ನು ಕಾಯುವುದು ಈ ಜರಡಿ.

ನನಗೆ ಕೇಳಿದರೆ ಸುತ್ತಿಗಿಂತ ಹೊಂಡಗಳ ಹೋಲಿಕೆ ವಾಸಿ. ಮೇಲೆ ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕ-ತಂಗಿಯರ ಹೊಂಡಕ್ಕೆ, ಅಲ್ಲಿಂದ ಇನ್ನೂ ಕೆಳಕ್ಕೆ. ಕೆಲವು ಪ್ರೊಸೆಸರ್‌ಗಳಲ್ಲಿ ಎಲ್3 ಹೀಗೇ ನಡೆಯುತ್ತದೆ. ಎಲ್2ರಲ್ಲಿ ಜಾಗವಿಲ್ಲದೆ ಹೊರಬಿದ್ದದ್ದು ಹರಿದು ಬಂದು ಅಲ್ಲಿ ನಿಲ್ಲುತ್ತದೆ.

ಅಂಕೆ_ಅಕ್ಕ | ಬೆಳಿಗ್ಗೆ 11:40

ಕೋಟೆ ಅಂದಮೇಲೆ ಕಿಂಡಿ ಬಿಡೋದಾ? 2018ರ ಜನವರಿಯಲ್ಲಿ ಮೆಲ್ಟ್‌ಡೌನ್, ಸ್ಪೆಕ್ಟರ್ ಅಂತ ಪ್ರೊಸೆಸರ್‌ಗಳ ಭದ್ರತಾ ದೋಷ ಹೊರಗೆ ಬಂತಲ್ಲ, ಅದು ಈ ಮಟ್ಟಗಳ ಓಬವ್ವನ ಕಿಂಡಿ. ಪ್ರೊಸೆಸರ್ ಅವಸರಕ್ಕೆ ಮುಂದಿನ ಕೆಲಸವನ್ನ ಊಹೆ ಮೇಲೆ ಮಾಡಿರುತ್ತೆ. ಊಹೆ ತಪ್ಪಾದ್ರೆ ಅಳಿಸಿಹಾಕುತ್ತೆ. ಆದರೆ ಆ ಅವಸರದಲ್ಲಿ ಕ್ಯಾಶ್‌ಗೆ ತಂದಿಟ್ಟದ್ದು ಹಾಗೇ ಉಳಿಯುತ್ತೆ. ಹೊರಗಿನವನು ಒಂದೊಂದು ಜಾಗ ಮುಟ್ಟಿ ಗಡಿಯಾರ ನೋಡ್ತಾನೆ. ಬೇಗ ಬಂತು ಅಂದ್ರೆ ಕ್ಯಾಶ್‌ನಲ್ಲಿತ್ತು, ಅಂದ್ರೆ ಯಾರೋ ಈಗಷ್ಟೇ ಮುಟ್ಟಿದಾರೆ. ಯಾವ ಜಾಗ ಅನ್ನೋದರ ಮೇಲೆ ಗುಟ್ಟನ್ನ ಒಂದೊಂದೇ ಬೈಟ್ ಆಗಿ ಊಹಿಸ್ತಾನೆ. ಬಾಗಿಲು ಭದ್ರ, ಸೋರಿದ್ದು ಸಮಯ.

ಏಳು_ಸುತ್ತು | ಬೆಳಿಗ್ಗೆ 11:43

ಒನಕೆ ಯಾರ ಕೈಲಿತ್ತು?

ಅಂಕೆ_ಅಕ್ಕ | ಬೆಳಿಗ್ಗೆ 11:50

ಆಪರೇಟಿಂಗ್ ಸಿಸ್ಟಂ ಬರೆಯೋರ ಕೈಲಿ. ಬೀಸಿದ ಪ್ರತಿ ಏಟಿಗೂ ಸ್ವಲ್ಪ ವೇಗ ಕಳ್ಕೊಂಡ್ವಿ.

ಮಂಡಿಪೇಟೆ_ಹುಡುಗ | ಮಧ್ಯಾಹ್ನ 3:20

ಊಟ ಆದಮೇಲೆ ಸಣ್ಣ ಅರೇ ಹಾಕಿ ನೋಡ್ದೆ, ಒಂದೊಂದನ್ನೂ ನೂರು ಸಲ ಓಡಿಸಿ ಸರಾಸರಿ ತೆಗೆದು. 1000 ಸಾಲು 1000 ಕಂಬಕ್ಕೆ ಎರಡೂ ದಿಕ್ಕಿಗೆ ಅಂಥಾ ದೊಡ್ಡ ವ್ಯತ್ಯಾಸ ಇಲ್ಲ. ಅದು ಸರಿ, ಅಕ್ಕನ ಲೆಕ್ಕದಲ್ಲಿ 1000 ಕಟ್ಟು ಅಂದ್ರೆ 64 ಕೆಬಿ, ಎಲ್2ರಲ್ಲಿ ಕೂರುತ್ತೆ. ಪುಟಗಳೂ ಸಾವಿರದೊಳಗೆ.

ಆದ್ರೆ 1024 ಹಾಕಿದ್ರೆ ಕಂಬವಾರು ಐದು ಪಟ್ಟಿಗೂ ಜಾಸ್ತಿ ನಿಧಾನ! ಬರೀ 24 ಜಾಸ್ತಿ ಮಾಡಿದ್ದು. ಇನ್ನೂ ದೊಡ್ಡದು, 1040 ಹಾಕಿದ್ರೆ ಮತ್ತೆ ವೇಗ. ನನ್ನ ಲ್ಯಾಪ್‌ಟಾಪ್‌ಗೆ ಏನಾದ್ರೂ ಗಾಳಿ ಹಿಡಿದಿದೆಯಾ?

ಅಂಕೆ_ಅಕ್ಕ | ಮಧ್ಯಾಹ್ನ 4:05

ಇದನ್ನ ನೀನಾಗೇ ಕಂಡುಹಿಡಿದ್ಯಾ? ಭೇಷ್! ಕೆಲಸಕ್ಕೆ ಸೇರಿ ಎರಡು ವರ್ಷ ಆದಮೇಲೆ ನನಗೆ ಸಿಕ್ಕಿದ್ದು ಇದು, ಅದೂ ಒಂದು ವಾರ ಒದ್ದಾಡಿ.

ಟೈಲರ್ ಅಂಗಡಿ ನೆನೆಸ್ಕೋ. ಹೊಲಿದ ಬಟ್ಟೆ ಇಡೋಕೆ ಗೋಡೆಗೆ ಹತ್ತು ಗೂಡು. ರಸೀದಿಯ ಕೊನೇ ಅಂಕಿ 7 ಆದ್ರೆ ಏಳನೇ ಗೂಡು. ಹುಡುಕೋದು ಸಲೀಸು, ಒಂದೇ ಗೂಡು ನೋಡಿದ್ರೆ ಸಾಕು. ಆದರೆ ಒಂದು ದಿನ ಬಂದ ಗಿರಾಕಿಗಳದ್ದೆಲ್ಲ 100, 200, 300 ಅಂತಾನೇ ನಂಬರ್ ಆದ್ರೆ? ಸೊನ್ನೆಯ ಗೂಡು ತುಂಬಿ ಬಟ್ಟೆ ಕೆಳಗೆ ಬೀಳುತ್ತೆ, ಉಳಿದ ಒಂಬತ್ತು ಗೂಡು ಖಾಲಿ.

ಕ್ಯಾಶೂ ಹಾಗೇ. ನಿನ್ನ ಎಲ್1ರಲ್ಲಿ 64 ಗೂಡು, ಒಂದೊಂದರಲ್ಲಿ 8 ಕಟ್ಟು. 8 ಗುಣಿಸು 64 ಗುಣಿಸು 64 ಬೈಟ್, ಸರಿಯಾಗಿ 32 ಕೆಬಿ. ಯಾವ ಗೂಡು ಅಂತ ವಿಳಾಸದ ಬಿಟ್‌ಗಳೇ ಹೇಳ್ತವೆ, 4,096 ಬೈಟ್‌ಗೊಮ್ಮೆ ಅದೇ ಗೂಡು ಮರುಕಳಿಸುತ್ತೆ. 1024 ಕಂಬ ಇದ್ರೆ ಒಂದು ಸಾಲು ಸರಿಯಾಗಿ 4,096 ಬೈಟ್. ಕಂಬ ಇಳೀತಾ ಇದ್ರೆ 1024 ಕಟ್ಟೂ ಒಂದೇ ಗೂಡಿಗೆ! ಜಾಗ ಎಂಟಕ್ಕೆ. ಎಲ್2ರಲ್ಲಿ 1024 ಗೂಡು, ಒಂದೊಂದರಲ್ಲಿ 4. ಅಲ್ಲೂ ನಿನ್ನ ಪಾಲಿಗೆ ಬರೋದು 16 ಗೂಡು, 64 ಜಾಗ. ಮುಕ್ಕಾಲಕ್ಕಿಂತ ಹೆಚ್ಚು ಕ್ಯಾಶ್ ಖಾಲಿ ಬಿದ್ದಿರುತ್ತೆ, ನಿನ್ನ ಕಟ್ಟುಗಳು ಒಂದನ್ನೊಂದು ತಳ್ಳಾಡ್ತಾ ಇರ್ತವೆ.

1040 ಹಾಕಿದಾಗ ಸಾಲು 4,160 ಬೈಟ್, ಅಂದ್ರೆ 65 ಕಟ್ಟು. ಪ್ರತಿ ಹೆಜ್ಜೆಗೂ ಪಕ್ಕದ ಗೂಡಿಗೆ ಸರೀತದೆ, ಜಗಳ ಇಲ್ಲ. ಸಾಲಿನ ಕೊನೆಗೆ ಬೇಕಂತಲೇ ಹದಿನಾರು ಖಾಲಿ ಮನೆ ಬಿಡೋದು ನಮ್ಮಲ್ಲಿ ಮಾಮೂಲಿ ವೈದ್ಯ.

ಕೋಟೆ_ಮೇಷ್ಟ್ರು | ಸಂಜೆ 5:30

ಸೊಗಸಾಗಿದೆ. ಇದನ್ನು ನಾನು ಪಾಠ ಮಾಡಿದ್ದೇನೆ, ಯಾರಿಗೂ ಓಡಿಸಿ ತೋರಿಸಿರಲಿಲ್ಲ.

ಕೇಳಿದ್ದಕ್ಕೆ ಇಷ್ಟು ಇತಿಹಾಸ (ಯಾರೂ ಕೇಳಲಿಲ್ಲ, ಗೊತ್ತು). ಮೆಮೊರಿಯನ್ನು ಮಟ್ಟಮಟ್ಟವಾಗಿ ಕಟ್ಟಬೇಕಾಗುತ್ತದೆ ಎಂದು ಬರ್ಕ್ಸ್, ಗೋಲ್ಡ್‌ಸ್ಟೈನ್, ಫಾನ್ ನ್ಯೂಮನ್ 1946ರ ವರದಿಯಲ್ಲೇ ಬರೆದಿದ್ದರು. 1962ರಲ್ಲಿ ಮ್ಯಾಂಚೆಸ್ಟರ್‌ನ ಅಟ್ಲಾಸ್ ಯಂತ್ರ ಸಣ್ಣ ಮೆಮೊರಿ, ಮಾಹಿತಿ ಇಡುವ ದೊಡ್ಡ ಕಾಂತೀಯ ಡ್ರಮ್ ಎರಡನ್ನೂ ಒಂದೇ ಎಂಬಂತೆ ಪ್ರೋಗ್ರಾಂಗೆ ತೋರಿಸಿತು. ನಮ್ಮ ದಾವಣಗೆರೆಯನ್ನೂ ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದರು, ಅದು ಹತ್ತಿ ಗಿರಣಿಗೆ. 1965ರಲ್ಲಿ ಮಾರಿಸ್ ವಿಲ್ಕ್ಸ್ ಪುಟ್ಟ ವೇಗದ ಮೆಮೊರಿಯೊಂದು ತಾನಾಗಿಯೇ ತುಂಬಿಕೊಳ್ಳುವ ಉಪಾಯ ಬರೆದರು. 1968ರಲ್ಲಿ ಐಬಿಎಂ ತನ್ನ ಸಿಸ್ಟಂ 360 ಮಾಡೆಲ್ 85ರಲ್ಲಿ ಅದನ್ನು ಮಾರಾಟದ ಯಂತ್ರಕ್ಕೆ ಹಾಕುವುದಾಗಿ ಸಾರಿತು.

ಮಂಡಿಪೇಟೆ_ಹುಡುಗ | ಸಂಜೆ 6:10

ಸರ್, ಒಂದು ಅನುಮಾನ. ಗೋದಾಮಿಂದ ಡಬ್ಬಿ ತಂದ್ರೆ ಗೋದಾಮಲ್ಲಿ ಅದು ಇರಲ್ಲ. ಕ್ಯಾಶ್‌ಗೆ ಬಂದಮೇಲೂ ರ್ಯಾಮ್‌ನಲ್ಲಿ ಇರುತ್ತಲ್ಲ? ನಾನು ಕ್ಯಾಶ್‌ನಲ್ಲಿ ಬದಲಾಯಿಸಿದ್ರೆ ರ್ಯಾಮ್‌ಗೆ ಯಾವಾಗ ಗೊತ್ತಾಗುತ್ತೆ?

ಕೋಟೆ_ಮೇಷ್ಟ್ರು | ಸಂಜೆ 6:25

ನನ್ನ ಹೋಲಿಕೆ ಮುರಿಯುವ ಜಾಗವನ್ನೇ ಹಿಡಿದೆ. ಬರುವುದು ನಕಲು. ಇದಕ್ಕೆ ಸಾಮಾನು ಬಿಟ್ಟು ಲೆಕ್ಕದ ಪುಸ್ತಕಕ್ಕೆ ಬಾ. ವ್ಯಾಪಾರ ಆದ ಕೂಡಲೇ ಕೆಲವರು ಖಾತೆ ಪುಸ್ತಕದಲ್ಲೂ ಬರೆದುಬಿಡುತ್ತಾರೆ. ಭದ್ರ, ಆದರೆ ಪ್ರತಿ ಸಲ ಪುಸ್ತಕ ತೆಗೆಯಬೇಕು. ಕೆಲವರು ಕಚ್ಚಾ ಚೀಟಿಯಲ್ಲಿ ಬರೆದು, ಚೀಟಿ ಎತ್ತಿಡುವಾಗ ಮಾತ್ರ ಖಾತೆಗೆ ಏರಿಸುತ್ತಾರೆ. ಈಗಿನ ಪ್ರೊಸೆಸರ್‌ಗಳು ಹೆಚ್ಚಾಗಿ ಎರಡನೇ ದಾರಿ. ಕಟ್ಟಿನ ಮೇಲೆ "ತಿದ್ದಿದೆ" ಎಂದು ಒಂದು ಗುರುತು ಇರುತ್ತದೆ, ಹೊರಹಾಕುವಾಗ ಗುರುತಿದ್ದರೆ ಕೆಳಗೆ ಬರೆಯುತ್ತದೆ. ನಾಲ್ಕು ಕೋರ್ ಎಂದರೆ ನಾಲ್ಕು ಗುಮಾಸ್ತರು, ಒಬ್ಬೊಬ್ಬರ ಜೇಬಲ್ಲೂ ಚೀಟಿ. ಒಬ್ಬ ತಿದ್ದುವ ಮೊದಲು ಉಳಿದವರ ಚೀಟಿ ರದ್ದು ಮಾಡಿಸಲೇಬೇಕು.

ಮಂಡಿಪೇಟೆ_ಹುಡುಗ | ರಾತ್ರಿ 9:15

ಕೊನೇದು. ನನ್ನ ನಿಜವಾದ ಕೆಲಸದಲ್ಲಿ ಸಾಲನ್ನ ಕಂಬ, ಕಂಬನ್ನ ಸಾಲು ಮಾಡಬೇಕು. ಓದೋದು ಸಾಲುವಾರು ಮಾಡಿದ್ರೆ ಬರೆಯೋದು ಕಂಬವಾರು ಆಗುತ್ತೆ. ಯಾವ ಕಡೆ ತಿರುಗಿಸಿದ್ರೂ ಒಂದು ಕೈ ಸೋಲುತ್ತೆ.

ಅಂಕೆ_ಅಕ್ಕ | ರಾತ್ರಿ 9:32

ಇಡೀ ಹೊಲ ಒಂದೇ ಸಲ ಕೊಯ್ಯಬೇಡ, ಮಡಿ ಮಡಿಯಾಗಿ ಕೊಯ್ಯಿ. 32 ಸಾಲು 32 ಕಂಬದ ಒಂದು ತುಂಡು ಅಂದ್ರೆ 4 ಕೆಬಿ. ಓದೋ ತುಂಡು, ಬರೆಯೋ ತುಂಡು ಎರಡೂ ಸೇರಿ 8 ಕೆಬಿ, ಎಲ್1ರಲ್ಲೇ ಹಿಡಿಯುತ್ತೆ. ಆ ತುಂಡು ಮುಗಿಸಿ ಮುಂದಿನದಕ್ಕೆ ಹೋಗು. ನಾಲ್ಕು ಲೂಪ್ ಆಗುತ್ತೆ, ನೋಡೋಕೆ ಅಸಹ್ಯ, ಓಡೋಕೆ ಚೆನ್ನ.

ಮಂಡಿಪೇಟೆ_ಹುಡುಗ | ರಾತ್ರಿ 10:50

ಓಡ್ತು ಅಕ್ಕ! ಮೊದಲಿನ ಕಾಲುಭಾಗ ಸಮಯವೂ ಹಿಡೀಲಿಲ್ಲ.

ಹುರುಪಿಗೆ ಮೊದಲಿನ ಕೂಡೋ ಪ್ರೋಗ್ರಾಂ ನಾಲ್ಕು ಥ್ರೆಡ್‌ಗೆ, ಅಂದ್ರೆ ಒಟ್ಟೊಟ್ಟಿಗೆ ಓಡೋ ನಾಲ್ಕು ಪಾಲಿಗೆ, ಹಂಚಿದೆ. 0.09 ಇದ್ದದ್ದು 0.03ಕ್ಕೆ ಇಳೀತು, ಅಲ್ಲಿಗೆ ನಿಂತುಬಿಡ್ತು. ಎಂಟು ಥ್ರೆಡ್ ಹಾಕಿದ್ರೂ ಅಷ್ಟೇ. ಎಲ್ಲಾ ಸಾಲುವಾರೇ ಹೋಗ್ತಿದೆ, ಇಲ್ಲೇನು ಅಡ್ಡಿ?

ಅಂಕೆ_ಅಕ್ಕ | ರಾತ್ರಿ 11:05

400 ಎಂಬಿಯನ್ನ 0.03ರಿಂದ ಭಾಗಿಸು. ಸೆಕೆಂಡಿಗೆ 13 ಜಿಬಿ ಹತ್ತಿರ. ಡಿಡಿಆರ್4 2400 ಅನ್ನೋ ಬಗೆಯ ರ್ಯಾಮ್‌ನ ಒಂದು ಸ್ಟಿಕ್ ಕೊಡಬಲ್ಲದ್ದು ಪುಸ್ತಕದ ಲೆಕ್ಕದಲ್ಲೇ 19.2 ಜಿಬಿ, ನಿಜದಲ್ಲಿ ಅದಕ್ಕಿಂತ ಕಡಿಮೆ. ಲಾರಿ ತುಂಬಿ ಹೋಯ್ತು, ಇನ್ನೆಷ್ಟು ಹಮಾಲರನ್ನ ನಿಲ್ಲಿಸಿದ್ರೂ ಅಷ್ಟೇ ಮಾಲು. ಇನ್ನೊಂದು ಸ್ಟಿಕ್ ಹಾಕಿ ಎರಡು ಚಾನೆಲ್ ಆದ್ರೆ ಎರಡು ಲಾರಿ.

ಸ್ಕ್ರೂಡ್ರೈವರ್_ಸ್ವಾಮಿ | ರಾತ್ರಿ 11:09

ನಿನ್ನೆ ರಾತ್ರಿ 9:58ಕ್ಕೆ ನಾನು ಏನು ಬರೆದಿದ್ದೆ, ಎಲ್ರೂ ಒಂದ್ಸಲ ಮೇಲೆ ಹೋಗಿ ಓದಿಕೊಂಡು ಬರ್ರಿ. ತಮ್ಮಾ, ನಾಳೆ ಲ್ಯಾಪ್‌ಟಾಪ್ ತಗೊಂಡು ಬಾ, ಎರಡನೇ ಸ್ಲಾಟ್ ಖಾಲಿ ಐತಾ ನೋಡೋಣ. ಕೆಲವದರಲ್ಲಿ ಒಂದನ್ನ ಬೋರ್ಡಿಗೇ ಬೆಸುಗೆ ಹಾಕಿರ್ತಾರೆ, ಬಿಚ್ಚಿದ ಮೇಲೇ ಗೊತ್ತಾಗೋದು.